ಮೊದಲು ಕತ್ತರಿ ಕೆಳಗಿಡಿ

ಪ್ರಶ್ನೆ: ನಮ್ಮ ಮಾವನವರು ನೌಕಾಪಡೆಯಲ್ಲಿದ್ದರು. ಹೋದ ವರ್ಷ ತೀರಿಕೊಂಡರು. ಅಟ್ಟದ ಮೇಲಿದ್ದ ಅವರ ಟ್ರಂಕಿನಲ್ಲಿ ಎರಡು ಪತ್ರ ಸಿಕ್ಕಿವೆ. ಒಂದು 1959ರದ್ದು, ಅದರಲ್ಲಿ ಆಗಿನ ನೌಕಾಪಡೆ ಮುಖ್ಯಸ್ಥ ಕಟಾರಿಯವರ ಸಹಿ ಇದೆ. ಇನ್ನೊಂದು 1955ರದ್ದು, ಹುಟ್ಟುಹಬ್ಬದ ಶುಭಾಶಯಕ್ಕೆ ಧನ್ಯವಾದ ಹೇಳಿದ ಪತ್ರ, ಕೆಳಗೆ ಇಂಗ್ಲಿಷಿನಲ್ಲಿ ನೆಹರೂ ಸಹಿ. ಇವು ಅಸಲಿಯೇ? ಬೆಲೆ ಬರುತ್ತದೆಯೇ? ನನ್ನ ಮಗನಿಗೆ ಈಗ ಇದೇ ಹುಚ್ಚು ಹತ್ತಿದೆ. ಆನ್‌ಲೈನಿನಲ್ಲಿ ಹಳೆಯ ಬ್ರಿಟಿಷ್ ನೌಕಾವೀರ ಅಡ್ಮಿರಲ್ ನೆಲ್ಸನ್‌ನ ಪತ್ರ 40,000 ರೂಪಾಯಿಗೆ ಇದೆ, ಕೊಡಿಸಮ್ಮ ಅನ್ನುತ್ತಾನೆ. ನಮ್ಮಲ್ಲಿರುವ ಎರಡು ಸಹಿಗಳನ್ನು ಕತ್ತರಿಸಿ ಒಂದೇ ಫ್ರೇಮಿಗೆ ಹಾಕಿಸೋಣ ಅಂತಲೂ ಯೋಚನೆ ಇದೆ. ಏನು ಮಾಡಲಿ?
ಓದುಗರು, ಅಂಕೋಲಾ

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರುಮಾಡುತ್ತೇನೆ. ಕತ್ತರಿ ಕೆಳಗಿಡಿ. ಉಳಿದ ಪ್ರಶ್ನೆಗಳಿಗೆ ನಿಧಾನವಾಗಿ ಉತ್ತರ ಹುಡುಕಿದರೂ ನಡೆಯುತ್ತದೆ, ಇದೊಂದಕ್ಕೆ ತಡ ಮಾಡುವ ಹಾಗಿಲ್ಲ.

ಇದು ನಾನು ಕೈಸುಟ್ಟುಕೊಂಡು ಕಲಿತ ಪಾಠ. ನನಗಾಗ ಹದಿನಾಲ್ಕು ವರ್ಷ. ನಮ್ಮ ತಾತ ಶಾನುಭೋಗರು. ಅವರ ಕಾಗದದ ಕಟ್ಟಿನಲ್ಲಿ ಮೈಸೂರಿನ ದಿವಾನರಾಗಿದ್ದವರೊಬ್ಬರು ಬರೆದ ಪತ್ರ ಇತ್ತು. ಯಾರೆಂದು ಹೇಳುವುದಿಲ್ಲ, ಇವತ್ತಿಗೂ ನಾಚಿಕೆಯಾಗುತ್ತದೆ. ನಾನು ಆಟೋಗ್ರಾಫ್ ಪುಸ್ತಕ ಮಾಡುತ್ತಿದ್ದ ಕಾಲ ಅದು. ಅಮ್ಮನ ಹೊಲಿಗೆ ಕತ್ತರಿ ತಂದು ಸಹಿಯನ್ನಷ್ಟೇ ಚೌಕವಾಗಿ ಕತ್ತರಿಸಿದೆ. ಮೈದಾ ಅಂಟು ಕಾಯಿಸಿ ಪುಸ್ತಕಕ್ಕೆ ಹಚ್ಚಿದೆ. ಉಳಿದ ಕಾಗದ ಬಚ್ಚಲ ಒಲೆಗೆ ಹೋಯಿತು.

ಎಷ್ಟೋ ವರ್ಷದ ಮೇಲೆ ಅಂಟು ಒಣಗಿ ಆ ಚೂರು ತಾನಾಗೇ ಕಳಚಿಕೊಂಡಿತು. ಹಿಂದೆ ತಿರುಗಿಸಿ ನೋಡಿದರೆ ಟೈಪ್ ಮಾಡಿದ ಮೂರು ಅರೆಬರೆ ಸಾಲು. ಮೇಲೆ ‘ಟ್ಯಾಂಕ್ ಬಂಡ್’ ಅಂತ ಇದೆ. ಅದರ ಕೆಳಗೆ ‘ಯುವರ್ ವಿಲೇಜ್’. ಅದರ ಕೆಳಗೆ ಒಂದು ಅಂಕಿ, ನಡುವೆ ಕತ್ತರಿ ಹಾಯ್ದು ಅರ್ಧವಾಗಿದೆ. ನಮ್ಮೂರ ಕೆರೆ ಏರಿಯ ವಿಷಯಕ್ಕೆ ತಾತ ಏನೋ ಬರೆದಿದ್ದಾರೆ, ಅದಕ್ಕೆ ಅವರು ಉತ್ತರ ಕೊಟ್ಟಿದ್ದಾರೆ. ಆ ಅಂಕಿ ರೂಪಾಯಿಯೋ, ಗಜವೋ? ಏರಿ ಒಡೆದಿತ್ತೋ, ಕಟ್ಟಿಸಬೇಕಿತ್ತೋ? ಹೇಳುವವರು ಯಾರೂ ಉಳಿದಿಲ್ಲ. ಸಹಿ ಮಾತ್ರ ನನ್ನ ಹತ್ತಿರ ಭದ್ರವಾಗಿದೆ. ಏನು ಉಪಯೋಗ?

ಹಾಗಾಗಿ ಫ್ರೇಮ್ ಬೇಕೇ ಬೇಕು ಅನ್ನಿಸಿದರೆ ಇಡೀ ಪತ್ರದ ಕಲರ್ ಕಾಪಿ ತೆಗೆಸಿ, ಅದಕ್ಕೆ ಹಾಕಿಸಿ. ಗೋಡೆಯ ಮೇಲೆ ಬೆಳಕು ಬಿದ್ದು ಮಾಸಿದರೆ ಕಾಪಿ ಮಾಸಲಿ. ಅಸಲು ಕಪಾಟಿನಲ್ಲಿರಲಿ.

ಈಗ ನಿಮ್ಮ ಎರಡು ಪತ್ರಗಳಿಗೆ ಬರೋಣ. ಈ ವ್ಯವಹಾರದಲ್ಲಿ ಮೊದಲು ಕೇಳುವುದು, ಪತ್ರ ಯಾವ ಜಾತಿಯದು ಅಂತ. ಪೂರ್ತಿ ಅವರೇ ಕೈಯಲ್ಲಿ ಬರೆದು ಸಹಿ ಹಾಕಿದ್ದರೆ ಅದು ಎ.ಎಲ್.ಎಸ್. ಗುಮಾಸ್ತನೋ ಕಾರ್ಯದರ್ಶಿಯೋ ಬರೆದು ಅವರು ಸಹಿ ಮಾತ್ರ ಹಾಕಿದ್ದರೆ ಎಲ್.ಎಸ್. ಟೈಪ್ ಮಾಡಿದ ಕಾಗದಕ್ಕೆ ಸಹಿ ಹಾಕಿದ್ದರೆ ಟಿ.ಎಲ್.ಎಸ್. ಹರಾಜಿನ ಪಟ್ಟಿಗಳಲ್ಲಿ ಇವೇ ಅಕ್ಷರ ಕಾಣುತ್ತವೆ. ನಿಮ್ಮವು ಎರಡೂ ಮೂರನೆಯ ಜಾತಿ ಅಂದುಕೊಳ್ಳುತ್ತೇನೆ. ಟೈಪ್ ಪತ್ರದ ಅಂಚಿನಲ್ಲೋ ಕೊನೆಯಲ್ಲೋ ಅವರ ಕೈಬರಹದ ಒಂದು ಸಾಲಿದ್ದರೆ ಅದರ ತೂಕವೇ ಬೇರೆ. ನೋಡಿ, ಇದೆಯಾ?

ಜನ ನೇರವಾಗಿ ಸಹಿಗೆ ಕಣ್ಣು ಹಾಕುತ್ತಾರೆ. ನಾನು ಸಹಿಯನ್ನು ಕೊನೆಗೆ ನೋಡುತ್ತೇನೆ. ಸುಳ್ಳು ಪತ್ರ ಮಾಡುವವನು ಸಹಿಯನ್ನು ತಿಂಗಳುಗಟ್ಟಲೆ ತಿದ್ದಿ ತಿದ್ದಿ ಅಭ್ಯಾಸ ಮಾಡಿರುತ್ತಾನೆ. ಅವನು ಎಡವುವುದು ಲೆಟರ್‌ಹೆಡ್ಡಿನಲ್ಲಿ, ತಾರೀಖಿನಲ್ಲಿ, ವಿಳಾಸದಲ್ಲಿ. ನಮ್ಮ ದೇಶದ ಪತ್ರಗಳಿಗೆ ಅಂತಲೇ ಕೆಲವು ಸುಲಭದ ಪರೀಕ್ಷೆಗಳಿವೆ, ಮನೆಯಲ್ಲೇ ಕೂತು ಮಾಡಬಹುದು.

ಪಿನ್‌ಕೋಡ್ ನೋಡಿ. ಅದು ಬಂದದ್ದು 1972ರ ಆಗಸ್ಟ್ 15ಕ್ಕೆ. 1959ರ ಲೆಟರ್‌ಹೆಡ್ಡಿನಲ್ಲಿ ಆರಂಕಿಯ ಪಿನ್‌ಕೋಡ್ ಅಚ್ಚಾಗಿದ್ದರೆ ಮುಂದಕ್ಕೆ ಓದುವುದೇ ಬೇಡ. ‘ಕರ್ನಾಟಕ ಸರ್ಕಾರ’ ಅಂತ ತಲೆಬರಹ ಇರುವ ಪತ್ರ 1973ರ ನವೆಂಬರ್ 1ಕ್ಕಿಂತ ಹಿಂದಿನ ತಾರೀಖು ಹೊತ್ತಿದ್ದರೂ ಇದೇ ಮಾತು, ಅಲ್ಲಿಯವರೆಗೆ ನಮ್ಮದು ಮೈಸೂರು ರಾಜ್ಯ. ಲಕೋಟೆ ಸಿಕ್ಕಿದ್ದರೆ ಅಂಚೆಚೀಟಿ ನೋಡಿ. 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯೇ ಪೈಸೆ ಬಂತು. 1955ರ ಲಕೋಟೆಯ ಮೇಲೆ ನಯೇ ಪೈಸೆಯ ಚೀಟಿ ಇರಲಿಕ್ಕೆ ಸಾಧ್ಯವೇ ಇಲ್ಲ. ಸರ್ಕಾರಿ ಪತ್ರವಾದರೆ ‘ಸರ್ವಿಸ್’ ಅಂತ ಅಚ್ಚಾದ ಚೀಟಿ, ‘ಆನ್ ಇಂಡಿಯಾ ಗವರ್ನಮೆಂಟ್ ಸರ್ವಿಸ್’ ಅನ್ನುವ ಸಾಲು ಇರುವುದು ಸಾಮಾನ್ಯ.

ನೌಕಾಪಡೆಯ ಪತ್ರಕ್ಕೆ ಇನ್ನೂ ಚೆನ್ನಾದ ಗುರುತುಗಳಿವೆ. 1950ರ ಜನವರಿ 26ರವರೆಗೆ ಅದು ರಾಯಲ್ ಇಂಡಿಯನ್ ನೇವಿ. ಹಡಗಿನ ಹೆಸರಿಗೆ ಮೊದಲು ಎಚ್.ಎಂ.ಐ.ಎಸ್. ಅಂತ ಬರೆಯುತ್ತಿದ್ದರು. ಆಮೇಲೆ ಐ.ಎನ್.ಎಸ್. ಆಯಿತು. ಮುಖ್ಯಸ್ಥರನ್ನು ಕಮಾಂಡರ್-ಇನ್-ಚೀಫ್ ಎನ್ನುವುದು 1955ರಲ್ಲಿ ನಿಂತು, ಚೀಫ್ ಆಫ್ ದಿ ನೇವಲ್ ಸ್ಟಾಫ್ ಅನ್ನುವ ಹೆಸರು ಉಳಿಯಿತು. ಸ್ವಾತಂತ್ರ್ಯ ಬಂದು ಹತ್ತು ವರ್ಷವಾದರೂ ಆ ಕುರ್ಚಿಯಲ್ಲಿ ಬ್ರಿಟಿಷ್ ಅಧಿಕಾರಿಗಳೇ ಕೂತಿದ್ದರು ಅಂದರೆ ತುಂಬಾ ಜನ ನಂಬುವುದಿಲ್ಲ. ಕೊನೆಯವರು ಸ್ಟೀಫನ್ ಕಾರ್ಲಿಲ್. ಅವರಿಂದ 1958ರ ಏಪ್ರಿಲ್ 22ರಂದು ರಾಮದಾಸ್ ಕಟಾರಿ ಅಧಿಕಾರ ವಹಿಸಿಕೊಂಡರು. ಅವರೇ ಮೊದಲ ಭಾರತೀಯ ಮುಖ್ಯಸ್ಥರು. ಅಂದರೆ ನಿಮ್ಮ ಮಾವನವರ ಪತ್ರದ ತಾರೀಖು ಸರಿಯಾಗಿ ಕೂರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ನೀವು ಬರೀ ‘ಕಟಾರಿಯವರು’ ಅಂತ ಬರೆದಿದ್ದೀರಿ. ಪತ್ರದಲ್ಲಿ ಏನಿದೆ ನೋಡಿ. ಅವರು ಮುಖ್ಯಸ್ಥರಾಗಿದ್ದಾಗ ವೈಸ್ ಅಡ್ಮಿರಲ್. ನಮ್ಮ ನೌಕಾಪಡೆಗೆ ಪೂರ್ಣ ಅಡ್ಮಿರಲ್ ದರ್ಜೆಯ ಮುಖ್ಯಸ್ಥರು ಸಿಕ್ಕಿದ್ದು 1968ರಲ್ಲಿ, ಎ.ಕೆ. ಚಟರ್ಜಿಯವರ ಕಾಲಕ್ಕೆ. 1959ರ ಪತ್ರದಲ್ಲಿ ಸಹಿಯ ಕೆಳಗೆ ‘ವೈಸ್ ಅಡ್ಮಿರಲ್’ ಅಂತ ಟೈಪ್ ಆಗಿದ್ದರೆ ಒಳ್ಳೆಯದು. ‘ಅಡ್ಮಿರಲ್’ ಅಂತ ಮಾತ್ರ ಇದ್ದರೆ ನನಗೊಂದು ಫೋಟೋ ಕಳಿಸಿ.

ಇನ್ನು ನೆಹರೂ ಪತ್ರ. ನಿಮಗೆ ಬೇಜಾರಾಗಬಹುದು, ಆದರೂ ಹೇಳಬೇಕು. ಹುಟ್ಟುಹಬ್ಬದ ಶುಭಾಶಯಕ್ಕೆ ಬಂದ ಧನ್ಯವಾದ ಅಂದ ಕೂಡಲೇ ನಾನು ಸ್ವಲ್ಪ ಹಿಂದೆ ಸರಿಯುತ್ತೇನೆ. ದೊಡ್ಡ ಹುದ್ದೆಯಲ್ಲಿರುವವರಿಗೆ ಇಂಥ ಶುಭಾಶಯ ರಾಶಿರಾಶಿ ಬರುತ್ತದೆ. ಎಲ್ಲ ದೇಶದಲ್ಲೂ ಅದಕ್ಕೆ ಅಚ್ಚುಹಾಕಿಸಿದ ಉತ್ತರ ಹೋಗುವುದು ಇದೆ, ಸಹಿಯೂ ಅಚ್ಚಿನದೇ. ಅದು ಮೋಸ ಅಲ್ಲ, ಅಂಥ ಕಾಗದಕ್ಕೂ ಮನೆಯಲ್ಲಿ ಒಂದು ಜಾಗ ಇದೆ. ಆದರೆ ಅದನ್ನು ಸಹಿ ಮಾಡಿದ ಪತ್ರ ಅನ್ನಲಾಗದು.

ಪರೀಕ್ಷೆ ಹೀಗೆ ಮಾಡಿ. ಬೆಳಗಿನ ಹೊತ್ತು ಕಿಟಕಿಯ ಪಕ್ಕ ಕೂತುಕೊಳ್ಳಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡಿರಬೇಕು. ಪತ್ರ ಮಗುಚಿ ಹಾಕಿ, ಹಿಂಭಾಗದ ಮೇಲೆ ಬೆರಳ ತುದಿ ಹಗುರವಾಗಿ ಆಡಿಸಿ. ಟೈಪ್‌ರೈಟರಿನಲ್ಲಿ ಹೊಡೆದ ಕಾಗದವಾದರೆ ಅಕ್ಷರಗಳ ಉಬ್ಬು ಕೈಗೆ ಸಿಗುತ್ತದೆ, ಫುಲ್‌ಸ್ಟಾಪ್ ಇದ್ದ ಕಡೆ ಜಾಸ್ತಿ. ಏನೂ ಸಿಗದಿದ್ದರೆ ಅದು ಅಚ್ಚು ಅಥವಾ ನಕಲು ಇರಬಹುದು. ಆಮೇಲೆ ಸಹಿಯನ್ನು ಭೂತಗನ್ನಡಿಯಲ್ಲಿ ನೋಡಿ. ಶಾಯಿ ಪೆನ್ನಿನ ಸಹಿಯಲ್ಲಿ ಗೆರೆ ಒಂದೇ ದಪ್ಪ ಇರುವುದಿಲ್ಲ. ಶುರುವಿನಲ್ಲಿ ಶಾಯಿ ಕೂತಿರುತ್ತದೆ, ಎಳೆದ ಕಡೆ ತೆಳುವಾಗುತ್ತದೆ. ಒಂದು ಗೆರೆ ಇನ್ನೊಂದನ್ನು ದಾಟಿದ ಕಡೆ ಬಣ್ಣ ಗಾಢವಾಗಿ, ಶಾಯಿ ಕಾಗದದ ನಾರಿನೊಳಗೆ ಸಣ್ಣಗೆ ಹರಡಿರುತ್ತದೆ. ಅಚ್ಚಿನ ಸಹಿ ಎಲ್ಲ ಕಡೆ ಒಂದೇ ಕಪ್ಪು, ದಾಟಿದ ಕಡೆಯೂ ಅಷ್ಟೇ. ಈಗಿನ ಪ್ರಿಂಟರಿನದಾದರೆ ಸಣ್ಣ ಸಣ್ಣ ಚುಕ್ಕೆ ಕಾಣುತ್ತವೆ. ನಿಧಾನವಾಗಿ ‘ಬರೆದ’ ಸಹಿಯ ಬಗ್ಗೆಯೂ ಹುಷಾರಾಗಿರಿ. ದಿನಕ್ಕೆ ನೂರು ಸಹಿ ಹಾಕುವವರ ಕೈ ಓಡುತ್ತದೆ. ಗೆರೆ ನಡುಗಿದ್ದರೆ, ಮಧ್ಯೆ ಪೆನ್ನು ಎತ್ತಿ ಇಟ್ಟಿದ್ದರೆ ಅದು ನೋಡಿಕೊಂಡು ಬರೆದದ್ದು.

ನೋಟು ಪರೀಕ್ಷೆ ಮಾಡುವ ನೇರಳೆ ಬೆಳಕಿನ ಟಾರ್ಚು ಅಂಗಡಿಯಲ್ಲಿ ಸಿಗುತ್ತದೆ. ಕತ್ತಲೆಯಲ್ಲಿ ಅದನ್ನು ಹಿಡಿದರೆ ಈಗಿನ ಬಿಳಿ ಕಾಗದ ನೀಲಿಯಾಗಿ ಫಳಫಳ ಅನ್ನುತ್ತದೆ. ಕಾಗದಕ್ಕೆ ಆ ಬಿಳುಪಿನ ರಾಸಾಯನಿಕ ಸೇರಿಸುವುದು ಹರಡಿದ್ದು 1950ರಿಂದ ಈಚೆಗೆ. 1955ರ ಪತ್ರ ಹೊಳೆದರೆ ಅಷ್ಟಕ್ಕೇ ಸುಳ್ಳು ಅನ್ನಲಾಗುವುದಿಲ್ಲ. 1930ರದು ಅಂತ ಹೇಳುವ ಪತ್ರ ಹೊಳೆದರೆ ಮಾತ್ರ ಮಾತೇ ಬೇಡ. ಬಾಲ್‌ಪೆನ್ನಿನ ಲೆಕ್ಕವೂ ಹೀಗೇ. ಅದು ಅಂಗಡಿಗೆ ಬಂದು ಜನರ ಕೈಗೆ ಸಿಕ್ಕಿದ್ದು ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ.

ಇಷ್ಟೆಲ್ಲ ಪಾಸಾದರೂ ಸಹಿ ಕೈಯದಲ್ಲದೆ ಯಂತ್ರದ್ದಾಗಿರಬಹುದು. ಅಮೆರಿಕದಲ್ಲಿ ಆಟೋಪೆನ್ ಅಂತ ಒಂದು ಯಂತ್ರ ಇದೆ, ನಿಜವಾದ ಪೆನ್ನು ಹಿಡಿದು ನಿಜವಾದ ಶಾಯಿಯಲ್ಲಿ ಸಹಿ ಹಾಕುತ್ತದೆ. ಅಧ್ಯಕ್ಷ ಕೆನಡಿಯ ಪತ್ರಗಳನ್ನು ಕೊಳ್ಳುವವರಿಗೆ ಇದೇ ದೊಡ್ಡ ತಲೆನೋವು. 2004ರಲ್ಲಿ ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್, ಸತ್ತ ಸೈನಿಕರ ಮನೆಗೆ ಕಳಿಸಿದ ಸಂತಾಪ ಪತ್ರಗಳಿಗೆ ಯಂತ್ರದಿಂದ ಸಹಿ ಹಾಕಿಸುತ್ತಿದ್ದದ್ದು ಹೊರಬಂದು ದೊಡ್ಡ ಗಲಾಟೆಯಾಯಿತು. ಇನ್ನು ಮೇಲೆ ನಾನೇ ಹಾಕುತ್ತೇನೆ ಅಂತ ಅವರು ಹೇಳಬೇಕಾಯಿತು. ಯಂತ್ರವನ್ನು ಹಿಡಿಯುವ ಉಪಾಯ ಸರಳ. ಮನುಷ್ಯ ಎರಡು ಸಲ ಒಂದೇ ಥರ ಸಹಿ ಹಾಕಲಾರ. ಎರಡು ಪತ್ರದ ಸಹಿಯನ್ನು ಬೆಳಕಿಗೆ ಹಿಡಿದು ಒಂದರ ಮೇಲೊಂದು ಇಟ್ಟಾಗ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದಿದ್ದರೆ, ಎರಡೂ ಯಂತ್ರದ್ದು.

ಹೆಸರು ಬದಲಾದವರ ಪತ್ರ ಗುರುತಿಸುವುದು ಇನ್ನೂ ಸಲೀಸು. ನೌಕಾಪಡೆ ಮತ್ತು ರಾಜಕೀಯ ಎರಡನ್ನೂ ಸಂಗ್ರಹಿಸುವವರು ಬೇಗ ಮುಟ್ಟುವ ಹೆಸರು ಮೌಂಟ್‌ಬ್ಯಾಟನ್. ಅವರು ನಮ್ಮ ಕೊನೆಯ ವೈಸ್‌ರಾಯ್, 1955ರಿಂದ 1959ರವರೆಗೆ ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥರು. ಅವರ ಮನೆತನದ ಹೆಸರು 1917ರವರೆಗೆ ಬ್ಯಾಟನ್‌ಬರ್ಗ್. ಅದಕ್ಕೂ ಹಿಂದಿನ ಪತ್ರದಲ್ಲಿ ‘ಮೌಂಟ್‌ಬ್ಯಾಟನ್’ ಅಂತ ಸಹಿ ಇರಬಾರದು. ‘ಮೌಂಟ್‌ಬ್ಯಾಟನ್ ಆಫ್ ಬರ್ಮಾ’ ಅಂತ ಸಹಿ ಇರುವ ಪತ್ರ 1946ಕ್ಕಿಂತ ಹಿಂದಿನದಾಗಿರಬಾರದು, ಆ ಪದವಿ ಸಿಕ್ಕಿದ್ದೇ ಆಗ. ಅವರ ಟೈಪ್ ಪತ್ರಗಳು ಬೇಕಾದಷ್ಟಿವೆ, ಕಲಿಯುವವರಿಗೆ ಒಳ್ಳೆಯ ಶಾಲೆ.

ಈಗ ನಿಮ್ಮ ಮಗನ ನೆಲ್ಸನ್ ಪತ್ರ. ಕೊಳ್ಳಬೇಡಿ. ಬೆಲೆಯೇ ಸಾಕ್ಷಿ. ನೆಲ್ಸನ್ ಕೈಬರಹದ ಪತ್ರ ಲಂಡನ್ನಿನ ಹರಾಜಿಗೆ ಬಂದರೆ ಸಾವಿರಾರು ಪೌಂಡಿನ ಮಾತು. 40,000 ರೂಪಾಯಿಗೆ ಅಸಲಿ ಕೊಡುವಷ್ಟು ಧರ್ಮಾತ್ಮರು ಈ ವ್ಯಾಪಾರದಲ್ಲಿ ನನಗಂತೂ ಸಿಕ್ಕಿಲ್ಲ.

ಆದರೆ ಹುಡುಗನಿಗೆ ಸುಮ್ನೆ ಬೇಡ ಅನ್ನಬೇಡಿ, ನೆಲ್ಸನ್ ಕಥೆ ಹೇಳಿ. ಸಹಿ ಪರೀಕ್ಷೆ ಕಲಿಸಲಿಕ್ಕೆ ಅವನಿಗಿಂತ ಒಳ್ಳೆಯ ಮೇಷ್ಟ್ರು ಇಲ್ಲ. 1797ರ ಜುಲೈನಲ್ಲಿ ಟೆನೆರಿಫ್ ದ್ವೀಪದ ಸಾಂತಾ ಕ್ರೂಸ್ ಮೇಲೆ ದಾಳಿ ಮಾಡುವಾಗ ಅವನ ಬಲಗೈಗೆ ಗುಂಡು ಬಿತ್ತು, ಅದೇ ರಾತ್ರಿ ಹಡಗಿನಲ್ಲಿ ತೋಳು ಕತ್ತರಿಸಿದರು. ಎರಡೇ ದಿನದಲ್ಲಿ ಎಡಗೈಯಲ್ಲಿ ಪೆನ್ನು ಹಿಡಿದು ತನ್ನ ಮೇಲಧಿಕಾರಿ ಜಾನ್ ಜರ್ವಿಸ್‌ಗೆ ಪತ್ರ ಬರೆದ. ನಾನು ಸ್ನೇಹಿತರಿಗೆ ಹೊರೆಯಾದೆ, ದೇಶಕ್ಕೆ ಉಪಯೋಗಕ್ಕೆ ಬಾರದವನಾದೆ ಅನ್ನುವ ಅರ್ಥದ ಮಾತು ಅದರಲ್ಲಿದೆ. ಆಗ ಅವನಿಗೆ 38 ವರ್ಷ. ಅವನಿಗೆ ದೊಡ್ಡ ಹೆಸರು ತಂದ ನೈಲ್, ಟ್ರಫಾಲ್ಗರ್ ಕದನಗಳೆಲ್ಲ ಇನ್ನೂ ಮುಂದಿದ್ದವು.

ಅಲ್ಲಿಂದ ಅವನ ಬರಹ ಎರಡಾಗಿ ಒಡೆಯುತ್ತದೆ. 1797ರ ಜುಲೈಗೆ ಮೊದಲಿನದು ಬಲಗೈ ಬರಹ, ಸಹಿ ‘ಹೊರೇಷಿಯೋ ನೆಲ್ಸನ್’. ಆಮೇಲಿನದು ಎಡಗೈ ಬರಹ, ಮೊದಮೊದಲು ಮಗುವಿನ ಅಕ್ಷರದ ಹಾಗೆ ಅಡ್ಡಾದಿಡ್ಡಿ, ಬರಬರುತ್ತಾ ದೊಡ್ಡದಾಗಿ ಗಟ್ಟಿಯಾಗಿ ನಿಂತಿತು. 1798ರಲ್ಲಿ ಲಾರ್ಡ್ ಆದ ಮೇಲೆ ಬರೀ ‘ನೆಲ್ಸನ್’. ಬ್ರಿಟನ್ನಿನ ಲಾರ್ಡುಗಳು ಪದವಿಯ ಹೆಸರನ್ನಷ್ಟೇ ಸಹಿ ಹಾಕುವುದು ಅಲ್ಲಿಯ ರೂಢಿ. 1799ರಲ್ಲಿ ನೇಪಲ್ಸಿನ ದೊರೆ ಬ್ರಾಂಟೆಯ ಡ್ಯೂಕ್ ಅಂತ ಪದವಿ ಕೊಟ್ಟ. ಆ ಹೆಸರೂ ಸಹಿಗೆ ಸೇರಿತು, ಕೊನೆಯ ವರ್ಷಗಳಲ್ಲಿ ‘ನೆಲ್ಸನ್ ಅಂಡ್ ಬ್ರಾಂಟೆ’ ಅಂತ ನಿಂತಿತು. ಈಗ ಮಗನಿಗೆ ಕೇಳಿ: ಆನ್‌ಲೈನಿನ ಪತ್ರದ ತಾರೀಖು ಏನು, ಯಾವ ಕೈಯ ಬರಹ, ಸಹಿ ಯಾವ ರೂಪದ್ದು? ಮೂರಕ್ಕೆ ಮೂರೂ ಒಂದಕ್ಕೊಂದು ಹೊಂದಬೇಕು. ಅಂದಹಾಗೆ, ಈ ನೆಲ್ಸನ್ ಹುಡುಗನಾಗಿದ್ದಾಗ 1775ರಲ್ಲಿ ಸೀಹಾರ್ಸ್ ಹಡಗಿನಲ್ಲಿ ಮುಂಬಯಿಗೆ ಬಂದಿದ್ದ. ಜ್ವರ ಹಿಡಿದು ಸಾಯುವ ಹಾಗಾಗಿ ವಾಪಸ್ ಹೋದ.

ಮೂರೂ ಹೊಂದಿದರೂ ಇನ್ನೊಂದು ಬಲೆ ಉಳಿದಿದೆ. 19ನೇ ಶತಮಾನದ ಪುಸ್ತಕಗಳಲ್ಲಿ ದೊಡ್ಡವರ ಪತ್ರದ ಪಡಿಯಚ್ಚನ್ನು ಬೇರೆ ಹಾಳೆಯಾಗಿ ಸೇರಿಸುವ ಅಭ್ಯಾಸ ಇತ್ತು. ಯಾರೋ ಅದನ್ನು ಪುಸ್ತಕದಿಂದ ಕಿತ್ತಿರುತ್ತಾರೆ. ಕಾಗದವೂ ಹಳೆಯದು, ಮಡಿಕೆಯೂ ಹಳೆಯದು, ನೋಡಿದವರು ಮೋಸ ಹೋಗುತ್ತಾರೆ. ಕಾಗದವನ್ನು ಬೆಳಕಿಗೆ ಹಿಡಿದು ವಾಟರ್‌ಮಾರ್ಕ್ ನೋಡಬೇಕು. ಇಂಗ್ಲಿಷ್ ಕಾಗದದಲ್ಲಿ 1794ರಿಂದ ಈಚೆಗೆ ತಯಾರಾದ ವರ್ಷವನ್ನೇ ವಾಟರ್‌ಮಾರ್ಕಿನಲ್ಲಿ ಹಾಕುವುದು ಸಾಮಾನ್ಯವಾಯಿತು. ಪತ್ರದ ತಾರೀಖು 1801, ಕಾಗದ ಹುಟ್ಟಿದ್ದು 1810 ಅಂದರೆ ನಗುವುದೊಂದೇ ಬಾಕಿ. ಹಾಗೇ ಆ ಕಾಲದ ಪತ್ರಕ್ಕೆ ಸಾಮಾನ್ಯವಾಗಿ ಲಕೋಟೆ ಇರುತ್ತಿರಲಿಲ್ಲ. ಹಾಳೆಯನ್ನೇ ಮಡಿಚಿ, ಅರಗು ಒತ್ತಿ, ಹೊರಗೆ ವಿಳಾಸ ಬರೆಯುತ್ತಿದ್ದರು.

ಓದಿಕೊಂಡವರು ಮೋಸ ಹೋಗುವುದಿಲ್ಲ ಅಂತ ತಿಳಿಯಬೇಡಿ. ಫ್ರಾನ್ಸಿನ ದೊಡ್ಡ ಗಣಿತಜ್ಞ ಮಿಶೆಲ್ ಶಾಲ್, 1860ರ ದಶಕದಲ್ಲಿ ವ್ರೆ-ಲುಕಾ ಅನ್ನುವವನಿಂದ ಸುಮಾರು 27,000 ಸುಳ್ಳು ಪತ್ರ ಕೊಂಡ. ಅದರಲ್ಲಿ ಕ್ಲಿಯೋಪಾತ್ರ ಬರೆದದ್ದು ಇತ್ತು, ಅಲೆಕ್ಸಾಂಡರ್ ಬರೆದದ್ದು ಇತ್ತು. ಎಲ್ಲವೂ ಫ್ರೆಂಚ್ ಭಾಷೆಯಲ್ಲಿ! 1870ರಲ್ಲಿ ಮಾರಿದವನಿಗೆ ಜೈಲಾಯಿತು. ಆಸೆ ಹತ್ತಿದ ಮೇಲೆ ಬುದ್ಧಿ ಅಟ್ಟ ಹತ್ತಿ ಕೂರುತ್ತದೆ. ನಾನೂ ಒಮ್ಮೆ ಹೀಗೆ ಬಿದ್ದಿದ್ದೇನೆ. ವ್ಯಾಪಾರಿಯೊಬ್ಬರಿಂದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಪತ್ರ ಕೊಂಡು, ಮನೆಗೆ ಬಂದು ಟಾರ್ಚು ಹಿಡಿದರೆ ಕಾಗದ ಟ್ಯೂಬ್‌ಲೈಟಿನ ಹಾಗೆ ಹೊಳೆಯಿತು. ಟಾರ್ಚನ್ನು ಅಂಗಡಿಗೆ ಒಯ್ಯಬೇಕು ಅನ್ನುವ ಬುದ್ಧಿ ಬಂದದ್ದು ಅವತ್ತೇ.

ಹಳೆಯ ಬ್ರಿಟಿಷ್ ಪತ್ರವೇ ಬೇಕು ಅಂತ ಮಗ ಹಟ ಹಿಡಿದರೆ, ಕಡಿಮೆ ಖರ್ಚಿನ ದಾರಿ ಒಂದಿದೆ. 1840ರವರೆಗೆ ಅಲ್ಲಿಯ ಸಂಸತ್ ಸದಸ್ಯರಿಗೆ, ಲಾರ್ಡುಗಳಿಗೆ ಅಂಚೆ ಪುಕ್ಕಟೆ. ಪತ್ರದ ಹೊರಗೆ ಸಹಿ ಹಾಕಿದರೆ ಸಾಕಿತ್ತು. ನೆಂಟರು, ಸ್ನೇಹಿತರೆಲ್ಲ ಅವರ ಕೈಯಲ್ಲಿ ಸಹಿ ಹಾಕಿಸಿಕೊಂಡು ಪತ್ರ ಕಳಿಸುವುದು ಜಾಸ್ತಿಯಾಯಿತು. ಸರ್ಕಾರ 1784ರಲ್ಲಿ, ಇಡೀ ವಿಳಾಸ ಮತ್ತು ತಾರೀಖನ್ನು ಸದಸ್ಯರೇ ಕೈಯಾರೆ ಬರೆಯಬೇಕು ಅಂತ ಮಾಡಿತು. ಆಮೇಲೆ ದಿನಕ್ಕೆ ಕಳಿಸುವುದು ಹತ್ತು, ಬರುವುದು ಹದಿನೈದು ಅಂತ ಮಿತಿ ಹಾಕಿತು. ಅವತ್ತಿನ ಈ ಕಿರಿಕಿರಿಯೇ ಇವತ್ತು ನಮಗೆ ಲಾಭ. ಒಂದೇ ಚೂರು ಕಾಗದದಲ್ಲಿ ಊರು, ತಾರೀಖು, ವಿಳಾಸ, ಸಹಿ ಎಲ್ಲ ಅವರದೇ ಅಕ್ಷರದಲ್ಲಿ. ಮುಂಭಾಗ ಮಾತ್ರ ಕತ್ತರಿಸಿ ಆಲ್ಬಮ್ಮಿಗೆ ಹಚ್ಚಿದವು ಬೇಕಾದಷ್ಟು ಉಳಿದಿವೆ. ಆ ಕಾಲದಲ್ಲೂ ನನ್ನಂಥ ಹುಡುಗರಿದ್ದರು, ಅಲ್ವಾ.

ಆದರೆ ಪತ್ರ ಅಂದರೆ ಏನು ಅಂತ ಗೊತ್ತಾಗಬೇಕಾದರೆ ಅಡ್ಮಿರಲ್ ಜಾನ್ ಫಿಷರ್ ಬರೆದದ್ದನ್ನು ನೋಡಬೇಕು. ನನ್ನ ಮಟ್ಟಿಗೆ ನೌಕಾಪಡೆಯವರಲ್ಲಿ ಅವನಷ್ಟು ರಂಗಾಗಿ ಪತ್ರ ಬರೆದವರು ಇನ್ನೊಬ್ಬರಿಲ್ಲ. ಹುಟ್ಟಿದ್ದು 1841ರಲ್ಲಿ ಸಿಲೋನಿನಲ್ಲಿ. ಎರಡು ಸಲ ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥ. ಪದಕ್ಕೆ ಪದ ಅಡಿಗೆರೆ, ಸಾಲಿಗೆ ಎರಡು ಮೂರು ಆಶ್ಚರ್ಯಸೂಚಕ. ಪತ್ರ ಮುಗಿಸುವಾಗ ಬೇರೆಯವರು ‘ಇಂತಿ ನಿಮ್ಮ ವಿಶ್ವಾಸಿ’ ಅಂದರೆ, ಇವನು ನರಕ ಹೆಪ್ಪುಗಟ್ಟುವ ತನಕ ನಿಮ್ಮವನು, ಇದ್ದಿಲು ಚಿಗುರುವ ತನಕ ನಿಮ್ಮವನು ಅನ್ನುತ್ತಿದ್ದ.

1914ರಲ್ಲಿ ಅವನನ್ನು ಮತ್ತೆ ಕರೆಸಿಕೊಂಡದ್ದು ಆಗ ನೌಕಾ ಇಲಾಖೆಯ ಮಂತ್ರಿಯಾಗಿದ್ದ ಚರ್ಚಿಲ್. ಕಡತಗಳ ಮೇಲೆ ಚರ್ಚಿಲ್ ಕೆಂಪು ಶಾಯಿಯಲ್ಲಿ ಬರೆದರೆ, ಫಿಷರ್ ಹಸಿರು ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಹಡಗಿನ ಎಡಬಲದ ದೀಪ ಇದ್ದ ಹಾಗೆ, ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಇದ್ದಿಲು ಚಿಗುರುವ ತನಕ ಇರಬೇಕಿದ್ದ ಸ್ನೇಹ ಏಳು ತಿಂಗಳೂ ಬಾಳಲಿಲ್ಲ. ಟರ್ಕಿಯ ಡಾರ್ಡನೆಲ್ಸ್ ಜಲಸಂಧಿಯ ಮೇಲಿನ ದಾಳಿಯ ವಿಷಯಕ್ಕೆ ಜಗಳವಾಗಿ 1915ರ ಮೇ 15ರಂದು ಫಿಷರ್ ರಾಜೀನಾಮೆ ಕೊಟ್ಟ. ಚರ್ಚಿಲ್ ಕುರ್ಚಿಯೂ ಹೋಯಿತು. ಆದರೂ ಪತ್ರ ನಿಲ್ಲಲಿಲ್ಲ. 1917ರ ಸೆಪ್ಟೆಂಬರ್ 9ರಂದು ಚರ್ಚಿಲ್‌ಗೆ ಬರೆಯುತ್ತಾ, ಯಾವುದೋ ಹೊಸ ಬಿರುದು ಬರುತ್ತದಂತೆ ಅಂತ ಗೇಲಿ ಮಾಡಿ, ‘ಒ.ಎಂ.ಜಿ.’ ಅಂತ ಬರೆದು, ಪಕ್ಕದಲ್ಲೇ ಅದರ ಅರ್ಥವನ್ನೂ ಬಿಡಿಸಿದ: ಓ ಮೈ ಗಾಡ್! ನಿಮ್ಮ ಮಗ ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಲ ಒತ್ತುವ ಒಎಂಜಿ, ಬರಹದಲ್ಲಿ ಸಿಕ್ಕಿರುವ ಅತಿ ಹಳೆಯ ಉದಾಹರಣೆ 76 ವರ್ಷದ ಅಡ್ಮಿರಲ್‌ನದು. ಈಗ ಯೋಚಿಸಿ, ಆ ಪತ್ರದಿಂದ ‘ಫಿಷರ್’ ಅನ್ನುವ ಸಹಿಯನ್ನಷ್ಟೇ ಯಾರಾದರೂ ಕತ್ತರಿಸಿಟ್ಟುಕೊಂಡು ಉಳಿದದ್ದನ್ನು ಒಲೆಗೆ ಹಾಕಿದ್ದರೆ?

ಬೆಲೆಯ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ. ಒಬ್ಬರದೇ ಎರಡು ಪತ್ರ ಇದ್ದು, ಒಂದರಲ್ಲಿ ‘ನಿಮ್ಮ ಪತ್ರ ತಲುಪಿತು, ವಂದನೆ’ ಅಂತಿದ್ದು ಇನ್ನೊಂದರಲ್ಲಿ ಯುದ್ಧದ ಮಾತೋ ರಾಜೀನಾಮೆಯ ಮಾತೋ ಇದ್ದರೆ ಎರಡರ ಬೆಲೆಗೂ ಅಜಗಜಾಂತರ. ಗಾಂಧೀಜಿ ತಮ್ಮ ಗೆಳೆಯ ಕ್ಯಾಲೆನ್‌ಬಾಕ್‌ಗೆ ಬರೆದ ಪತ್ರಗಳ ಸಂಗ್ರಹ 2012ರಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬಂದಾಗ, ಹರಾಜು ನಡೆಯುವ ಮೊದಲೇ ನಮ್ಮ ಸರ್ಕಾರ ಸುಮಾರು 7 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಅದರಲ್ಲಿ ಒಂದು ಸ್ನೇಹದ ಪೂರ್ತಿ ಕಥೆಯೇ ಇತ್ತು. ನಿಮ್ಮ ಕಟಾರಿ ಪತ್ರಕ್ಕೆ ಮಾರುಕಟ್ಟೆಯಲ್ಲಿ ದೊಡ್ಡ ಬೆಲೆ ಬರಲಿಕ್ಕಿಲ್ಲ. ಆದರೂ ನನ್ನನ್ನು ಕೇಳಿದರೆ ಎರಡರಲ್ಲಿ ಅದೇ ಒಳ್ಳೆಯ ಪತ್ರ. ಅದರಲ್ಲಿ ನಿಮ್ಮ ಮಾವನವರ ಹೆಸರಿದೆ, ಹಡಗಿನ ಹೆಸರಿರಬಹುದು, ಯಾಕೆ ಬರೆದರು ಅನ್ನುವುದಿದೆ. ಅವರ ಸರ್ವಿಸ್ ಪುಸ್ತಕ, ಪದಕ, ಫೋಟೋ ಇದ್ದರೆ ಎಲ್ಲವನ್ನೂ ಒಟ್ಟಿಗೆ ಇಡಿ. ಬಿಡಿಬಿಡಿಯಾಗಿ ಹಂಚಿಕೊಳ್ಳಬೇಡಿ.

ಮಗನಿಗೆ ಸಂಗ್ರಹ ಬೆಳೆಸುವ ಆಸೆ ಇದ್ದರೆ ಕೊಳ್ಳುವುದಕ್ಕಿಂತ ಬರೆಯುವುದರಿಂದ ಶುರುಮಾಡಲಿ. ನೀವಿರುವುದು ಅಂಕೋಲಾದಲ್ಲಿ. ಪಕ್ಕದಲ್ಲೇ ಕಾರವಾರದ ಐ.ಎನ್.ಎಸ್. ಕದಂಬ, 2005ರಿಂದ ನೌಕಾನೆಲೆ ನಡೆಯುತ್ತಿದೆ. ಸುತ್ತಮುತ್ತ ನಿವೃತ್ತ ನೌಕಾಪಡೆಯವರಿಗೆ ಬರ ಇಲ್ಲ. ಬೆಂಗಳೂರಿನಲ್ಲೂ ಇದ್ದಾರೆ. 1982ರಿಂದ 1984ರವರೆಗೆ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಡಾಸನ್ ಕೊನೆಯ ವರ್ಷಗಳಲ್ಲಿ ಅಲ್ಲೇ ಇದ್ದರು. ನಿವೃತ್ತರ ಸಂಘಗಳ ಮೂಲಕ ಪತ್ರ ಕಳಿಸಬಹುದು.

‘ಸರ್, ನಿಮ್ಮ ಸಹಿ ಬೇಕು’ ಅಂತ ಬರೆದರೆ ಸಹಿ ಒಂದೇ ಬರುತ್ತದೆ. ಒಂದು ಪ್ರಶ್ನೆ ಕೇಳಬೇಕು, ಅವರೊಬ್ಬರೇ ಉತ್ತರಿಸಬಹುದಾದದ್ದು. ‘1971ರ ಡಿಸೆಂಬರ್ 4ರ ರಾತ್ರಿ ಕರಾಚಿ ದಾಳಿಯ ಸುದ್ದಿ ನಿಮ್ಮ ಹಡಗಿಗೆ ಹೇಗೆ ತಲುಪಿತು?’ ಇಂಥದ್ದು. ಪತ್ರ ಕೈಯಲ್ಲೇ ಬರೆಯಲಿ, ಒಂದು ಪುಟ ಮೀರದಿರಲಿ. ತನ್ನ ವಿಳಾಸ ಬರೆದು ಚೀಟಿ ಹಚ್ಚಿದ ಲಕೋಟೆ ಜೊತೆಗಿಡಲಿ. ವಯಸ್ಸಾದವರನ್ನು ಅಂಚೆ ಕಚೇರಿಗೆ ಓಡಾಡಿಸಬಾರದು. ಈಗ ಕೆಲಸದಲ್ಲಿರುವ ಅಧಿಕಾರಿಗಳಿಗೆ ಹಡಗು, ಕಾರ್ಯಾಚರಣೆ ಅಂತೆಲ್ಲ ಕೇಳುವುದು ಬೇಡ, ಅವರಿಗೂ ತೊಂದರೆ ನಿಮಗೂ ತೊಂದರೆ. ರಾಜಕಾರಣಿಗಳ ಕಚೇರಿಯಿಂದ ಬರುವ ಉತ್ತರದಲ್ಲಿ ಸಹಿ ಯಾರದು ಅನ್ನುವುದು ದೇವರಿಗೇ ಗೊತ್ತು. ಸೋತವರಿಗೆ, ನಿವೃತ್ತರಾದವರಿಗೆ ಬರೆಯಿರಿ, ಅವರ ಹತ್ತಿರ ಪುರುಸೊತ್ತು ಇರುತ್ತದೆ.

ಒಬ್ಬರೇ ಎರಡು ಕುರ್ಚಿಯಿಂದ ಬರೆದ ಪತ್ರ ಜೋಡಿಸುವುದೂ ಒಂದು ಚಂದದ ಆಟ. ಅಡ್ಮಿರಲ್ ತಹಿಲಿಯಾನಿ 1984ರಿಂದ 1987ರವರೆಗೆ ನೌಕಾಪಡೆ ಮುಖ್ಯಸ್ಥರು, 1990ರಿಂದ ಸಿಕ್ಕಿಂ ರಾಜ್ಯಪಾಲರು. ಒಂದು ಪತ್ರ ನೌಕಾ ಮುಖ್ಯಾಲಯದ ಕಾಗದದಲ್ಲಿ, ಇನ್ನೊಂದು ರಾಜಭವನದ ಕಾಗದದಲ್ಲಿ ಸಿಕ್ಕಿದರೆ ಅಲ್ಲಿಗೆ ಒಂದು ಪುಟ ತುಂಬಿತು. ಹಳೆಯ ಮನೆಗಳಲ್ಲೂ ವಿಚಾರಿಸಿ. ಗಾಂಧೀಜಿ 1934ರ ಹರಿಜನ ಪ್ರವಾಸದಲ್ಲಿ ಕರ್ನಾಟಕಕ್ಕೂ ಬಂದಿದ್ದರು, ಹರಿಜನ ನಿಧಿಗೆ ಅಂತ ಒಂದು ಸಹಿಗೆ ಐದು ರೂಪಾಯಿ ತೆಗೆದುಕೊಳ್ಳುತ್ತಿದ್ದರು. ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ, ಹಾಗಾಗಿ ಕೊಟ್ಟವರು ಜೋಪಾನವಾಗಿಯೇ ಇಟ್ಟಿರುತ್ತಾರೆ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಐತಿಹಾಸಿಕ ಮಹತ್ವದ ಕೈಬರಹ, ದಾಖಲೆಗಳಿಗೆ 75 ವರ್ಷ ತುಂಬಿದರೆ ಅವು ಪ್ರಾಚ್ಯವಸ್ತು ಅನ್ನಿಸಿಕೊಳ್ಳುತ್ತವೆ. ಅಂಥವನ್ನು ನೀವಾಗಿ ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವ ಹಾಗೂ ಇಲ್ಲ. ನಿಮ್ಮ ನೆಹರೂ ಪತ್ರಕ್ಕೆ 2030ರಲ್ಲಿ 75 ತುಂಬುತ್ತದೆ. ನಾಳೆ ಮಗ ಓದಲಿಕ್ಕೆ ಅಮೆರಿಕಕ್ಕೆ ಹೋಗಿ, ಅಮ್ಮಾ ಆ ಪತ್ರ ಕೊರಿಯರ್ ಮಾಡು ಅಂದರೆ ಇದು ನೆನಪಿರಲಿ. ಸರ್ಕಾರಿ ಕಡತದಿಂದ ಬಂದ ಹಾಳೆ, ಅಂಚಿನಲ್ಲಿ ಕಡತದ ಸಂಖ್ಯೆ, ದಾರ ಪೋಣಿಸಿದ ತೂತು ಇರುವಂಥದ್ದು ಮಾರಾಟಕ್ಕೆ ಬಂದರೆ ದೂರ ಇರಿ. ಅದು ಹೇಗೆ ಹೊರಬಂತು ಅನ್ನುವ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಕೊನೆಗೆ ಜೋಪಾನ. ಮೊದಲ ಕೆಲಸ, ಪತ್ರಗಳನ್ನು ಅಟ್ಟದಿಂದ ಇಳಿಸಿ. ನಿಮ್ಮ ಕಡೆಯ ಮಳೆ, ಹಂಚಿನ ಕೆಳಗಿನ ಸೆಕೆ, ತಗಡಿನ ಟ್ರಂಕು, ಈ ಮೂರೂ ಸೇರಿದರೆ ಕಾಗದಕ್ಕೆ ಬೂಷ್ಟು ಗ್ಯಾರಂಟಿ. ತುಕ್ಕು ಹಿಡಿದ ಗುಂಡುಪಿನ್ನು ಇದ್ದರೆ ಎಳೆಯದೆ, ಮೆಲ್ಲಗೆ ಬಿಡಿಸಿ ತೆಗೆಯಿರಿ. ಮಡಿಚಿದ್ದನ್ನು ಬಿಚ್ಚಿ ಸಪಾಟಾಗಿ ಇಡಿ, ಮಡಿಕೆಯಲ್ಲೇ ಹರಿಯುವುದು ಜಾಸ್ತಿ. ಹರಿದ ಕಡೆ ಸೆಲ್ಲೋಟೇಪ್ ಬೇಡ, ಹತ್ತು ವರ್ಷದಲ್ಲಿ ಹಳದಿ ಕಲೆಯಾಗಿ ಕೂರುತ್ತದೆ. ಜೆರಾಕ್ಸ್ ಅಂಗಡಿಯವರು ಪ್ರೀತಿಯಿಂದಲೇ ಲ್ಯಾಮಿನೇಷನ್ ಮಾಡಿಸಿ ಅನ್ನುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಮಾಡಿಸಿದರೆ ಮುಗಿಯಿತು, ಕಾಗದವನ್ನು ಮತ್ತೆ ಹೊರತೆಗೆಯಲಿಕ್ಕೆ ಆಗುವುದಿಲ್ಲ. ಪಾಲಿಯೆಸ್ಟರ್ ಕವರಿನಲ್ಲಿ ಹಾಕಿ, ಆಸಿಡ್ ಇಲ್ಲದ ರಟ್ಟಿನ ಫೈಲಿನಲ್ಲಿಡಿ. ಮೂಗಿಗೆ ವಾಸನೆ ಹೊಡೆಯುವ ಮೆತ್ತನೆ ಪ್ಲಾಸ್ಟಿಕ್ ಕವರ್ ಬೇಡ. ನುಸಿಗುಳಿಗೆಯನ್ನು ಕಾಗದಕ್ಕೆ ತಾಗುವ ಹಾಗೆ ಇಡಬೇಡಿ. ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲದಲ್ಲಿ ಎರಡು ಮೂರು ಸಲ ಬದಲಿಸಿ.

ಮುಂದೆ ನೂರಿನ್ನೂರು ವರ್ಷದ ಹಳೆಯ ಪತ್ರ ಕೊಂಡರೆ ಶಾಯಿಯ ಕಡೆ ಗಮನ ಇರಲಿ. ಆ ಕಾಲದ ಶಾಯಿ ಮಾಚಿಕಾಯಿ ಮತ್ತು ಅನ್ನಭೇದಿಯಿಂದ ಮಾಡಿದ್ದು. ಬರೆದಾಗ ಕಪ್ಪು, ಬರಬರುತ್ತಾ ಕಂದು. ಅದು ಕಾಗದವನ್ನೇ ತಿನ್ನುತ್ತದೆ. ಅಕ್ಷರ ಇದ್ದ ಕಡೆ ತೂತು ಬೀಳಲು ಶುರುವಾದರೆ ಮನೆಮದ್ದು ಮಾಡದೆ, ಕಾಗದ ಸಂರಕ್ಷಣೆ ಕಲಿತವರಿಗೆ ತೋರಿಸಿ.

ಕಟಾರಿ ಪತ್ರದ ಎರಡೂ ಬದಿ, ನೆಹರೂ ಸಹಿಯನ್ನು ಹತ್ತಿರದಿಂದ, ಲಕೋಟೆ ಇದ್ದರೆ ಅದರದ್ದೂ ಒಂದೊಂದು ಫೋಟೋ ತೆಗೆದು ಕಳಿಸಿ. ಫ್ಲ್ಯಾಶ್ ಹಾಕಬೇಡಿ, ಹಗಲು ಬೆಳಕು ಸಾಕು. ನಿಮ್ಮ ಅತ್ತೆಯವರು ಇದ್ದಾರೆ ಅಂದುಕೊಳ್ಳುತ್ತೇನೆ. ಕಟಾರಿ ಪತ್ರ ಬಂದ ದಿನ ಮಾವನವರು ಯಾವ ಹಡಗಿನಲ್ಲಿದ್ದರು, ಮನೆಯಲ್ಲಿ ಪತ್ರವನ್ನು ಮೊದಲು ಒಡೆದು ಓದಿದವರು ಯಾರು, ಇದನ್ನು ಅವರ ಹತ್ತಿರ ಕೇಳಿ. ಉತ್ತರವನ್ನು ಪತ್ರದ ಮೇಲೆ ಬರೆಯಬೇಡಿ. ಬೇರೆ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದು, ತಾರೀಖು ಹಾಕಿ, ಅವರದೊಂದು ಸಹಿ ಹಾಕಿಸಿ, ಅದೇ ಫೈಲಿನಲ್ಲಿಡಿ.